ಮೋಶೆಯ ಧರ್ಮಶಾಸ್ತ್ರ ಮತ್ತು ಇಂದಿನ ಕ್ರೈಸ್ತರು

ಹಂದಿ ಮಾಂಸ ತಿನ್ನಬಾರದು ಎಂದು ಬೈಬಲಿನ ಯಾಜಕಕಾಂಡ ಹೇಳುತ್ತದೆ. ಕಳ್ಳತನ ಮಾಡಬಾರದು ಎಂದೂ ಅದೇ ಪುಸ್ತಕ ಹೇಳುತ್ತದೆ. ಕಾಸರಗೋಡು, ಮಂಗಳೂರು ಕಡೆಯ ಕ್ಯಾಥೋಲಿಕರ ಮದುವೆ ಊಟದಲ್ಲಿ ಹಂದಿ ಮಾಂಸ ಇರುವುದು ಸಾಮಾನ್ಯ. ಆದರೆ ಕಳ್ಳತನ ತಪ್ಪಲ್ಲ ಎಂದು ಯಾವ ಕ್ರೈಸ್ತ ಸಭೆಯೂ ಹೇಳುವುದಿಲ್ಲ. ಒಂದೇ ಪುಸ್ತಕದ ಎರಡು ಆಜ್ಞೆಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ಯಾವ ಆಧಾರದ ಮೇಲೆ?

ಈ ಪ್ರಶ್ನೆಯನ್ನು ಕೆಲವರು ಕ್ರೈಸ್ತರನ್ನು ಕೆಣಕಲು ಕೇಳುತ್ತಾರೆ, ಕೆಲವರು ನಿಜವಾಗಿಯೂ ತಿಳಿಯಲು ಕೇಳುತ್ತಾರೆ. ಪ್ರಶ್ನೆ ಹೊಸದಲ್ಲ. ಕ್ರೈಸ್ತ ಸಭೆ ಹುಟ್ಟಿದ ಮೊದಲ ಇಪ್ಪತ್ತು ವರ್ಷಗಳಲ್ಲೇ ಇದರ ಬಗ್ಗೆ ದೊಡ್ಡ ವಾಗ್ವಾದ ನಡೆದಿತ್ತು. ಆಗ ಕೊಟ್ಟ ಉತ್ತರವೇನು, ನಂತರ ಬೇರೆ ಬೇರೆ ಸಭೆಗಳು ಅದನ್ನು ಹೇಗೆ ಅರ್ಥಮಾಡಿಕೊಂಡವು ಎಂಬುದರ ಪರಿಚಯ ಇಲ್ಲಿದೆ.

ಧರ್ಮಶಾಸ್ತ್ರ ಎಂದರೆ ಯಾವುದು?

ಬೈಬಲಿನ ಹಳೆ ಒಡಂಬಡಿಕೆಯ ಮೊದಲ ಐದು ಪುಸ್ತಕಗಳನ್ನು ಯೆಹೂದ್ಯರು ತೋರಾ ಎನ್ನುತ್ತಾರೆ. ಈ ಹೀಬ್ರೂ ಪದಕ್ಕೆ ಉಪದೇಶ, ಬೋಧನೆ ಎಂಬ ಅರ್ಥವಿದೆ. ಕನ್ನಡ ಬೈಬಲಿನಲ್ಲಿ ಇದಕ್ಕೆ ಧರ್ಮಶಾಸ್ತ್ರ ಎಂಬ ಪದ ಬಳಕೆಗೆ ಬಂತು. ಹಾಗಾಗಿ ಬರೀ ಕಾನೂನಿನ ಪಟ್ಟಿ ಎಂಬ ಭಾವನೆ ಓದುಗರಲ್ಲಿ ಮೂಡುವುದುಂಟು. ಐದನೆಯ ಪುಸ್ತಕಕ್ಕಿರುವ ಧರ್ಮೋಪದೇಶಕಾಂಡ ಎಂಬ ಕನ್ನಡ ಹೆಸರು ಮೂಲದ ಅರ್ಥಕ್ಕೆ ಹೆಚ್ಚು ಹತ್ತಿರವಾಗಿದೆ.

ಈ ಐದು ಪುಸ್ತಕಗಳಲ್ಲಿ ಒಟ್ಟು 613 ಆಜ್ಞೆಗಳಿವೆ ಎಂಬುದು ಯೆಹೂದ್ಯ ರಬ್ಬಿಗಳ ಲೆಕ್ಕ. ಇವುಗಳಲ್ಲಿ ಮಾಡಬೇಕಾದವು 248, ಮಾಡಬಾರದವು 365. ಯಜ್ಞಬಲಿ, ಯಾಜಕರ ಉಡುಪು, ಹಬ್ಬಗಳು, ಆಹಾರ, ಮೈಲಿಗೆ, ಮದುವೆ, ಸಾಲ, ಜಮೀನು, ಶಿಕ್ಷೆ ಎಲ್ಲವೂ ಇದರಲ್ಲಿ ಬರುತ್ತವೆ. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಯೆರೂಸಲೇಮಿನ ದೇವಾಲಯವನ್ನು ನಾಶ ಮಾಡಿತು. ಆ ಮೇಲೆ ಬಲಿ ಅರ್ಪಣೆಗೆ ಸಂಬಂಧಿಸಿದ ಆಜ್ಞೆಗಳನ್ನು ಯೆಹೂದ್ಯರೂ ನಡೆಸಲಾಗಲಿಲ್ಲ. ಉಳಿದ ಆಜ್ಞೆಗಳನ್ನು ರಬ್ಬಿಗಳ ವ್ಯಾಖ್ಯಾನದಂತೆ ಅವರಲ್ಲಿ ಬಹಳಷ್ಟು ಜನ ಇಂದಿಗೂ ಪಾಲಿಸುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ವಿಮೋಚನಕಾಂಡದಲ್ಲಿ ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಬಿಡುಗಡೆಯಾಗುವ ಕಥೆ ಮೊದಲು ಬರುತ್ತದೆ. ಹತ್ತು ಆಜ್ಞೆಗಳು ಬರುವುದು ಆಮೇಲೆ, 20ನೇ ಅಧ್ಯಾಯದಲ್ಲಿ. ಆಜ್ಞೆ ಪಾಲಿಸಿದ್ದಕ್ಕೆ ಬಿಡುಗಡೆ ಸಿಕ್ಕಿತು ಎಂದು ಅಲ್ಲಿ ಹೇಳಿಲ್ಲ. ಬಿಡುಗಡೆ ಪಡೆದ ಜನ ಹೇಗೆ ಬದುಕಬೇಕು ಎಂದು ಹೇಳಲಾಗಿದೆ.

ಒಂದೇ ಅಧ್ಯಾಯ, ಹಲವು ಬಗೆಯ ಆಜ್ಞೆಗಳು

ಸಮಸ್ಯೆ ಎಲ್ಲಿದೆ ಎಂದು ತಿಳಿಯಲು ಯಾಜಕಕಾಂಡದ 19ನೇ ಅಧ್ಯಾಯ ಒಂದನ್ನು ಓದಿದರೆ ಸಾಕು. ಹೊಲ ಕೊಯ್ಯುವಾಗ ಅಂಚಿನ ಬೆಳೆಯನ್ನು ಬಡವರಿಗೆ ಬಿಡಬೇಕು, ಹಕ್ಕಲು ಆಯಬಾರದು ಎಂದು ಅಲ್ಲಿದೆ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು, ಕಿವುಡರನ್ನು ಬಯ್ಯಬಾರದು, ಕುರುಡರ ದಾರಿಗೆ ಅಡ್ಡ ಇಡಬಾರದು ಎಂದಿದೆ. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಪ್ರಸಿದ್ಧ ಆಜ್ಞೆ ಇರುವುದೂ ಇಲ್ಲೇ, 18ನೇ ವಚನದಲ್ಲಿ.

ಅದರ ಮುಂದಿನ ವಚನವೇ ಹೊಲದಲ್ಲಿ ಎರಡು ಬಗೆಯ ಬೀಜ ಬಿತ್ತಬಾರದು, ಎರಡು ಬಗೆಯ ನೂಲು ಬೆರೆಸಿದ ಬಟ್ಟೆ ಉಡಬಾರದು ಎನ್ನುತ್ತದೆ. ಮುಂದೆ ಗಡ್ಡದ ಅಂಚು ಕತ್ತರಿಸಬಾರದು, ಮೈಮೇಲೆ ಹಚ್ಚೆ ಹಾಕಿಸಬಾರದು ಎಂದಿದೆ. ಮತ್ತೆ ಮುಪ್ಪಿನವರ ಮುಂದೆ ಎದ್ದು ನಿಲ್ಲಬೇಕು, ಪರದೇಶಿಯನ್ನು ಸ್ವದೇಶಿಯಂತೆ ಕಾಣಬೇಕು, ತಕ್ಕಡಿಯಲ್ಲಿ ಮೋಸ ಮಾಡಬಾರದು ಎಂಬ ಆಜ್ಞೆಗಳು ಬರುತ್ತವೆ.

ಅಕ್ಕಡಿ ಸಾಲು ಬಿತ್ತುವ ರೈತ ಕ್ರೈಸ್ತನಾಗಿದ್ದರೆ ತಾನು ಪಾಪ ಮಾಡುತ್ತಿದ್ದೇನೆ ಎಂದುಕೊಳ್ಳುವುದಿಲ್ಲ. ಆದರೆ ತೂಕದಲ್ಲಿ ಮೋಸ ಮಾಡುವ ಕ್ರೈಸ್ತ ವ್ಯಾಪಾರಿಗೆ ಅದು ಪಾಪವೆಂದು ಗೊತ್ತಿರುತ್ತದೆ. ಎರಡನ್ನೂ ಬೇರೆ ಮಾಡುವ ಗೆರೆ ಆ ಅಧ್ಯಾಯದಲ್ಲಿ ಇಲ್ಲ. ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದೇ ಎರಡು ಸಾವಿರ ವರ್ಷಗಳ ಚರ್ಚೆ.

ಯೇಸುವಿನ ನಿಲುವು

ಯೇಸು ಯೆಹೂದ್ಯರಾಗಿ ಹುಟ್ಟಿ, ಎಂಟನೆಯ ದಿನ ಸುನ್ನತಿ ಮಾಡಿಸಿಕೊಂಡು, ಸಭಾಮಂದಿರಕ್ಕೆ ಹೋಗುತ್ತಾ ಬೆಳೆದವರು. ಧರ್ಮಶಾಸ್ತ್ರವನ್ನು ರದ್ದು ಮಾಡಲು ತಾನು ಬಂದಿಲ್ಲ, ನೆರವೇರಿಸಲು ಬಂದಿದ್ದೇನೆ ಎಂದು ಅವರು ಹೇಳಿದ್ದಾಗಿ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ಈ 'ನೆರವೇರಿಸು' ಎಂಬ ಪದದ ಅರ್ಥದ ಮೇಲೆಯೇ ಮುಂದಿನ ಚರ್ಚೆಯೆಲ್ಲ ನಿಂತಿದೆ. ಕೊಲೆ ಮಾಡಬಾರದೆಂಬ ಆಜ್ಞೆಯನ್ನು ಅವರು ಕೋಪಕ್ಕೂ ಬೈಗುಳಕ್ಕೂ ವಿಸ್ತರಿಸಿದರು. ಅಂದರೆ ಕೆಲವು ಕಡೆ ಆಜ್ಞೆ ಸಡಿಲವಾಗುವ ಬದಲು ಇನ್ನೂ ಬಿಗಿಯಾಯಿತು.

ಆಹಾರದ ವಿಷಯದಲ್ಲಿ ಬೇರೆ ಮಾತು ಬಂತು. ಹೊರಗಿನಿಂದ ಒಳಗೆ ಹೋಗುವುದು ಮನುಷ್ಯನನ್ನು ಹೊಲೆ ಮಾಡುವುದಿಲ್ಲ, ಮನಸ್ಸಿನಿಂದ ಹೊರಬರುವ ಕೆಟ್ಟ ಆಲೋಚನೆಗಳು ಹೊಲೆ ಮಾಡುತ್ತವೆ ಎಂದು ಅವರು ಕಲಿಸಿದರು. ಹೀಗೆ ಎಲ್ಲ ಆಹಾರವೂ ಶುದ್ಧವೆಂದು ಹೇಳಿದಂತಾಯಿತು ಎಂದು ಸುವಾರ್ತೆ ಬರೆದ ಮಾರ್ಕನು 7ನೇ ಅಧ್ಯಾಯದಲ್ಲಿ ಸೇರಿಸುತ್ತಾನೆ. ಧರ್ಮಶಾಸ್ತ್ರದಲ್ಲಿ ಮುಖ್ಯ ಆಜ್ಞೆ ಯಾವುದು ಎಂದು ಕೇಳಿದಾಗ ಯೇಸು ಎರಡನ್ನು ಹೇಳಿದರು. ದೇವರನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸಬೇಕೆಂಬುದು ಧರ್ಮೋಪದೇಶಕಾಂಡದ್ದು. ನೆರೆಯವನನ್ನು ಪ್ರೀತಿಸಬೇಕೆಂಬುದು ಮೇಲೆ ಹೇಳಿದ ಯಾಜಕಕಾಂಡದ್ದು. ಎರಡೂ ಹಳೆಯ ಶಾಸ್ತ್ರದ ಆಜ್ಞೆಗಳೇ.

ಯೆರೂಸಲೇಮಿನ ತೀರ್ಮಾನ

ಯೇಸುವಿನ ಮೊದಲ ಶಿಷ್ಯರೆಲ್ಲ ಯೆಹೂದ್ಯರು. ಗ್ರೀಕರು, ಸಿರಿಯಾದವರು ಮುಂತಾದ ಅನ್ಯಜನರು ಸಭೆಗೆ ಸೇರತೊಡಗಿದಾಗ ತೊಡಕು ಎದ್ದಿತು. ಅವರು ಸುನ್ನತಿ ಮಾಡಿಸಿಕೊಂಡು ಮೋಶೆಯ ನಿಯಮಗಳನ್ನೆಲ್ಲ ಪಾಲಿಸಲೇಬೇಕು ಎಂದು ಕೆಲವರು ಪಟ್ಟು ಹಿಡಿದರು. ಅದು ಬೇಡ ಎಂದು ಪೌಲ ಮತ್ತು ಬಾರ್ನಬ ವಾದಿಸಿದರು.

ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಹಿರಿಯರೆಲ್ಲ ಸೇರಿ ಇದನ್ನು ಚರ್ಚಿಸಿದರು. ಅಪೊಸ್ತಲರ ಕೃತ್ಯಗಳು ಪುಸ್ತಕದ 15ನೇ ಅಧ್ಯಾಯದಲ್ಲಿ ಇದರ ವರದಿಯಿದೆ. ಅನ್ಯಜನರಿಗೆ ಸುನ್ನತಿ ಬೇಕಾಗಿಲ್ಲ ಎಂದು ತೀರ್ಮಾನವಾಯಿತು. ಅವರಿಗೆ ನಾಲ್ಕು ವಿಷಯಗಳನ್ನು ಮಾತ್ರ ಬಿಡಲು ಹೇಳಲಾಯಿತು: ವಿಗ್ರಹಕ್ಕೆ ಅರ್ಪಿಸಿದ ಆಹಾರ, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ ಮತ್ತು ಹಾದರ. ಇಸ್ರಾಯೇಲ್ಯರ ನಡುವೆ ವಾಸಿಸುವ ಪರದೇಶಿಗಳಿಗೆ ಯಾಜಕಕಾಂಡದ 17 ಮತ್ತು 18ನೇ ಅಧ್ಯಾಯಗಳು ಹಾಕಿದ್ದ ಷರತ್ತುಗಳನ್ನೇ ಇವು ಹೋಲುತ್ತವೆ. ಯೆಹೂದ್ಯರೂ ಅನ್ಯಜನರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲು ಬೇಕಾದ ಕನಿಷ್ಠ ಒಪ್ಪಂದ ಇದು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ.

ಊಟದ ಪಂಕ್ತಿ ಸಣ್ಣ ವಿಷಯವಾಗಿರಲಿಲ್ಲ. ಅಂತಿಯೋಕ್ಯದಲ್ಲಿ ಪೇತ್ರನು ಮೊದಲು ಅನ್ಯಜನರೊಂದಿಗೆ ಉಣ್ಣುತ್ತಿದ್ದು, ಯೆರೂಸಲೇಮಿನಿಂದ ಕೆಲವರು ಬಂದ ಮೇಲೆ ಹಿಂಜರಿದು ಬೇರೆ ಕೂತನು. ಪೌಲನು ಎಲ್ಲರ ಮುಂದೆಯೇ ಅವನನ್ನು ಆಕ್ಷೇಪಿಸಿದ್ದಾಗಿ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಪಂಕ್ತಿಭೇದ ಎಂದರೇನು ಎಂದು ಬಲ್ಲ ನಮ್ಮ ಕಡೆಯ ಓದುಗರಿಗೆ ಇದರ ತೀವ್ರತೆ ಬೇಗ ಅರ್ಥವಾಗುತ್ತದೆ.

ಪೌಲ ಹೇಳಿದ್ದು

ಪೌಲನ ಪತ್ರಗಳಲ್ಲಿ ಎರಡು ಬಗೆಯ ಮಾತುಗಳಿವೆ. ಧರ್ಮಶಾಸ್ತ್ರ ಪರಿಶುದ್ಧವಾದದ್ದು ಎಂದು ರೋಮಾಪುರದವರಿಗೆ ಬರೆಯುತ್ತಾನೆ. ಕ್ರಿಸ್ತನನ್ನು ನಂಬಿದವರು ಇನ್ನು ಅದರ ಅಧೀನದಲ್ಲಿಲ್ಲ ಎಂದೂ ಬರೆಯುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನು ಕೊಡುವ ಹೋಲಿಕೆ ಹೀಗಿದೆ: ಆ ಕಾಲದ ಉಳ್ಳವರ ಮನೆಗಳಲ್ಲಿ ಮಗುವನ್ನು ಶಾಲೆಗೆ ಕರೆದೊಯ್ಯಲು, ನಡತೆ ನೋಡಿಕೊಳ್ಳಲು ಒಬ್ಬ ದಾಸನಿರುತ್ತಿದ್ದನು. ಮಗು ದೊಡ್ಡದಾದ ಮೇಲೆ ಅವನ ಕೆಲಸ ಮುಗಿಯುತ್ತಿತ್ತು. ಕ್ರಿಸ್ತ ಬರುವ ತನಕ ಧರ್ಮಶಾಸ್ತ್ರ ಅಂಥ ಪಾಲಕನಾಗಿತ್ತು ಎಂಬುದು ಪೌಲನ ಅಭಿಪ್ರಾಯ.

ಆದರೂ ಅವನು ಶಾಸ್ತ್ರವನ್ನು ಬದಿಗಿಡಲಿಲ್ಲ. ತೆನೆ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಹಾಕಬಾರದೆಂಬ ಧರ್ಮೋಪದೇಶಕಾಂಡದ ನಿಯಮವನ್ನು ಕೊರಿಂಥದವರಿಗೆ ನೆನಪಿಸಿ, ದುಡಿಯುವವನಿಗೆ ದುಡಿಮೆಯ ಪಾಲು ಸಿಗಬೇಕು ಎಂಬ ತತ್ತ್ವವನ್ನು ಅದರಿಂದ ತೆಗೆದನು. ಹಾದರ, ಕೊಲೆ, ಕಳ್ಳತನ, ದುರಾಸೆ ಬೇಡವೆಂಬ ಆಜ್ಞೆಗಳೆಲ್ಲ ನೆರೆಯವನನ್ನು ಪ್ರೀತಿಸುವುದರಲ್ಲಿ ಅಡಕವಾಗಿವೆ ಎಂದು ರೋಮಾಪುರದವರಿಗೆ ಬರೆದನು.

ಬಲಿ ಅರ್ಪಣೆಯ ವಿಷಯವನ್ನು ಇಬ್ರಿಯರಿಗೆ ಬರೆದ ಪತ್ರ ವಿವರಿಸುತ್ತದೆ. ಯಾಜಕರು ಮತ್ತೆ ಮತ್ತೆ ಕೊಡುತ್ತಿದ್ದ ಬಲಿಗಳು ನೆರಳು ಮಾತ್ರ, ಕ್ರಿಸ್ತನು ತನ್ನನ್ನೇ ಒಮ್ಮೆಗೇ ಅರ್ಪಿಸಿದ್ದರಿಂದ ಅವು ಇನ್ನು ಬೇಕಾಗಿಲ್ಲ ಎಂಬುದು ಅದರ ವಾದ. ಈ ಒಂದು ವಿಷಯದಲ್ಲಿ ಎಲ್ಲ ಮುಖ್ಯ ಸಭೆಗಳೂ ಒಂದೇ ಮಾತು ಹೇಳುತ್ತವೆ.

ಹಳೆಯದನ್ನು ಪೂರ್ತಿ ಬಿಡಬಹುದೇ?

ಬಿಡಬಹುದು ಎಂದು ಎರಡನೆಯ ಶತಮಾನದಲ್ಲಿ ಮಾರ್ಸಿಯೋನ್ ಎಂಬವನು ಹೇಳಿದನು. ಹಳೆ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂಬುದು ಅವನ ಬೋಧನೆ. ರೋಮಿನ ಸಭೆ ಕ್ರಿ.ಶ. 144ರ ಸುಮಾರಿಗೆ ಅವನನ್ನು ಹೊರಹಾಕಿತು. ಧರ್ಮಶಾಸ್ತ್ರವೂ ಸೇರಿದಂತೆ ಹಳೆ ಒಡಂಬಡಿಕೆ ಕ್ರೈಸ್ತರ ಪವಿತ್ರ ಗ್ರಂಥದ ಭಾಗವಾಗಿಯೇ ಉಳಿಯಿತು. ಹೀಗೆ ಎರಡು ತುದಿಗಳೂ ಮುಚ್ಚಿದವು. ಎಲ್ಲವನ್ನೂ ಪಾಲಿಸಬೇಕು ಎಂಬುದನ್ನು ಯೆರೂಸಲೇಮಿನ ಹಿರಿಯರು ಒಪ್ಪಲಿಲ್ಲ, ಎಲ್ಲವನ್ನೂ ಬಿಡಬೇಕು ಎಂಬುದನ್ನು ರೋಮಿನವರು ಒಪ್ಪಲಿಲ್ಲ.

ಮೂರು ಭಾಗಗಳ ವಿಂಗಡಣೆ

ನಡುದಾರಿಯನ್ನು ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಪ್ರಮುಖರು 13ನೇ ಶತಮಾನದ ತೋಮಸ್ ಅಕ್ವಿನಾಸ್. ಅವರು ಧರ್ಮಶಾಸ್ತ್ರದ ಆಜ್ಞೆಗಳನ್ನು ಮೂರಾಗಿ ವಿಂಗಡಿಸಿದರು. ನೀತಿಯ ಆಜ್ಞೆಗಳು ಮನುಷ್ಯ ಸ್ವಭಾವಕ್ಕೇ ಸಂಬಂಧಿಸಿದವು, ಹಾಗಾಗಿ ಎಲ್ಲ ಕಾಲಕ್ಕೂ ಸಲ್ಲುತ್ತವೆ. ಬಲಿ, ಶುದ್ಧಿ, ಆಹಾರ, ಹಬ್ಬಗಳ ಆಚಾರದ ಆಜ್ಞೆಗಳು ಕ್ರಿಸ್ತನಲ್ಲಿ ನೆರವೇರಿದವು. ಶಿಕ್ಷೆ, ಆಸ್ತಿ ಮುಂತಾದ ನ್ಯಾಯದ ಆಜ್ಞೆಗಳು ಆ ಕಾಲದ ಇಸ್ರಾಯೇಲ್ ಜನಾಂಗದ ಆಡಳಿತಕ್ಕೆ ಸೇರಿದವು.

ಪ್ರೊಟೆಸ್ಟಂಟರಲ್ಲೂ ಇದೇ ವಿಂಗಡಣೆ ನಡೆದು ಬಂತು. 1571ರಲ್ಲಿ ಅಂತಿಮ ರೂಪ ಪಡೆದ ಆಂಗ್ಲಿಕನ್ ಸಭೆಯ 39 ವಿಧಿಗಳಲ್ಲಿ ಏಳನೆಯದು ಇದನ್ನೇ ಹೇಳುತ್ತದೆ. 1646ರ ವೆಸ್ಟ್‌ಮಿನ್ಸ್ಟರ್ ವಿಶ್ವಾಸ ಪ್ರಮಾಣ ಇನ್ನೊಂದು ಅಂಶ ಸೇರಿಸಿತು. ಇಸ್ರಾಯೇಲಿನ ನ್ಯಾಯದ ಆಜ್ಞೆಗಳು ಹಾಗೆಯೇ ಅನ್ವಯಿಸದಿದ್ದರೂ ಅವುಗಳ ಹಿಂದಿನ ಸಾಮಾನ್ಯ ನ್ಯಾಯ ಅನ್ವಯಿಸುತ್ತದೆ ಎಂದಿತು. ಉದಾಹರಣೆಗೆ, ಹೊಸ ಮನೆ ಕಟ್ಟಿದಾಗ ಯಾರೂ ಬೀಳದಂತೆ ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕೆಂದು ಧರ್ಮೋಪದೇಶಕಾಂಡದಲ್ಲಿದೆ. ಆದೋನಿ, ರಾಯದುರ್ಗ ಕಡೆಯ ಮಾಳಿಗೆ ಮನೆಗಳವರಿಗೆ ಇದು ಇದ್ದಂತೆಯೇ ಅರ್ಥವಾಗುತ್ತದೆ. ಹೆಂಚಿನ ಮನೆಯವನಿಗೆ ಅಡ್ಡಗೋಡೆ ಬೇಕಿಲ್ಲ. ಆದರೆ ತೆರೆದ ಬಾವಿಗೆ ಕಟ್ಟೆ ಕಟ್ಟಿಸುವ ಹೊಣೆ ಅವನಿಗೂ ಇದೆ.

ಈ ವಿಂಗಡಣೆಗೆ ಆಕ್ಷೇಪಗಳೂ ಇವೆ. ಧರ್ಮಶಾಸ್ತ್ರ ತನ್ನನ್ನು ತಾನು ಹೀಗೆ ಮೂರಾಗಿ ವಿಂಗಡಿಸಿಕೊಂಡಿಲ್ಲ, ಯೆಹೂದ್ಯರೂ ಹಾಗೆ ಓದುವುದಿಲ್ಲ. ಒಂದು ಆಜ್ಞೆ ಮೀರಿದವನು ಎಲ್ಲವನ್ನೂ ಮೀರಿದಂತೆ ಎಂದು ಯಾಕೋಬನ ಪತ್ರವೂ ಹೇಳುತ್ತದೆ. ಹಾಗಾಗಿ ಇಡೀ ಶಾಸ್ತ್ರ ಕ್ರಿಸ್ತನಲ್ಲಿ ನೆರವೇರಿದೆ, ಕ್ರೈಸ್ತರು ಪಾಲಿಸಬೇಕಾದದ್ದು ಕ್ರಿಸ್ತ ಮತ್ತು ಅಪೊಸ್ತಲರು ಕಲಿಸಿದ್ದನ್ನು ಎಂದು ಇನ್ನು ಕೆಲವರು ಹೇಳುತ್ತಾರೆ. ಮಾರ್ಟಿನ್ ಲೂಥರ್ 1525ರ ಒಂದು ಪ್ರವಚನದಲ್ಲಿ ಮೋಶೆಯ ಶಾಸ್ತ್ರ ಯೆಹೂದ್ಯರಿಗೆ ಕೊಟ್ಟದ್ದು, ಅದರಲ್ಲಿ ಪ್ರಕೃತಿ ಸಹಜವಾದ ನೀತಿಗೆ ಹೊಂದುವುದು ಮಾತ್ರ ಇತರರನ್ನು ಕಟ್ಟುತ್ತದೆ ಎಂದರು. ಕಾಲ್ವಿನ್ ಇದಕ್ಕಿಂತ ಹೆಚ್ಚು ಮಹತ್ವ ಕೊಟ್ಟರು. ಶಾಸ್ತ್ರ ತಪ್ಪು ತೋರಿಸುವ ಕನ್ನಡಿ, ಕೆಡುಕನ್ನು ತಡೆಯುವ ಕಡಿವಾಣ, ನಂಬಿದವರಿಗೆ ದಾರಿ ತೋರಿಸುವ ಮಾರ್ಗದರ್ಶಿ ಎಂಬುದು ಅವರ ವಿವರಣೆ.

ಇದಕ್ಕೆ ವಿರುದ್ಧವಾಗಿ, ಇಸ್ರಾಯೇಲಿನ ನ್ಯಾಯದ ಆಜ್ಞೆಗಳು ಇಂದಿನ ಸರಕಾರಗಳಿಗೂ ಅನ್ವಯಿಸಬೇಕು ಎಂದು ಅಮೆರಿಕದ ರಷ್‌ಡೂನಿ 1973ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಹೆಚ್ಚಿನ ಸಭೆಗಳು ಇದನ್ನು ಒಪ್ಪುವುದಿಲ್ಲ.

ಸಭೆಯಿಂದ ಸಭೆಗೆ ವ್ಯತ್ಯಾಸ

ಹತ್ತು ಆಜ್ಞೆಗಳನ್ನು ಎಲ್ಲ ಸಭೆಗಳೂ ಕಲಿಸುತ್ತವೆ, ಎಣಿಕೆ ಮಾತ್ರ ಬೇರೆ. ಕೊಲೆ ಮಾಡಬಾರದೆಂಬುದು ಕ್ಯಾಥೋಲಿಕರಿಗೆ ಮತ್ತು ಲೂಥರನ್ನರಿಗೆ ಐದನೆಯದು, ಆಂಗ್ಲಿಕನ್, ಕಾಲ್ವಿನ್ ಪರಂಪರೆ ಮತ್ತು ಆರ್ಥೊಡಾಕ್ಸ್ ಸಭೆಗಳಿಗೆ ಆರನೆಯದು. ವಿಗ್ರಹದ ಬಗೆಗಿನ ಆಜ್ಞೆಯನ್ನು ಮೊದಲಿನವರು ಒಂದನೆಯದರಲ್ಲಿಯೇ ಸೇರಿಸಿ ಎಣಿಸುತ್ತಾರೆ, ಇತರರು ಬೇರೆಯಾಗಿ ಎಣಿಸುತ್ತಾರೆ. ದುರಾಸೆಯ ಆಜ್ಞೆಯನ್ನು ಮೊದಲಿನವರು ಎರಡು ಮಾಡುವುದರಿಂದ ಒಟ್ಟು ಹತ್ತೇ ಆಗುತ್ತದೆ.

ಏಳನೆಯ ದಿನ ಕೆಲಸ ಬಿಡಬೇಕೆಂಬ ಸಬ್ಬತ್ ಆಜ್ಞೆ ಶನಿವಾರಕ್ಕೆ ಸೇರಿದ್ದು. ಯೇಸು ಭಾನುವಾರ ಪುನರುತ್ಥಾನರಾದರೆಂಬ ಕಾರಣಕ್ಕೆ ಕ್ರೈಸ್ತರು ಮೊದಲಿನಿಂದಲೂ ಆ ದಿನ ಸೇರತೊಡಗಿದರು. 321ರಲ್ಲಿ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಸಾರಿದನು. ದೇವರಿಗಾಗಿ ಸಮಯ ಮೀಸಲಿಡುವುದು ನೀತಿಯ ಆಜ್ಞೆ, ಯಾವ ದಿನ ಎಂಬುದು ಆಚಾರದ ವಿಷಯ ಎಂಬುದು ಅಕ್ವಿನಾಸರ ವಿವರಣೆ. 1863ರಲ್ಲಿ ಅಮೆರಿಕದಲ್ಲಿ ಸಂಘಟಿತವಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಇದನ್ನು ಒಪ್ಪದೆ ಶನಿವಾರವನ್ನೇ ಆಚರಿಸುತ್ತದೆ. ಹಂದಿ ಮಾಂಸ, ಏಡಿ, ಸಿಗಡಿಗಳನ್ನೂ ಆ ಸಭೆಯವರು ಬಿಡುತ್ತಾರೆ. ಈಜುರೆಕ್ಕೆ ಮತ್ತು ಪೊರೆ ಎರಡೂ ಇಲ್ಲದ ಜಲಚರಗಳನ್ನು ಯಾಜಕಕಾಂಡ ನಿಷೇಧಿಸಿರುವುದು ಇದಕ್ಕೆ ಕಾರಣ.

ಇಥಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರು ಗಂಡು ಮಗುವಿಗೆ ಎಂಟನೆಯ ದಿನ ಸುನ್ನತಿ ಮಾಡಿಸುತ್ತಾರೆ, ಹಂದಿ ಮಾಂಸ ತಿನ್ನುವುದಿಲ್ಲ, ಭಾನುವಾರದ ಜೊತೆಗೆ ಶನಿವಾರಕ್ಕೂ ಗೌರವ ಕೊಡುತ್ತಾರೆ. ಪೋರ್ಚುಗೀಸ್ ಪಾದ್ರಿಗಳು ಇದನ್ನು ಟೀಕಿಸಿದಾಗ ಅಲ್ಲಿನ ಅರಸ ಗೆಲಾವ್ದೆವೊಸ್ 1555ರಲ್ಲಿ ಒಂದು ವಿಶ್ವಾಸ ಪತ್ರ ಬರೆದು, ಸುನ್ನತಿ ತಮ್ಮ ದೇಶದ ವಾಡಿಕೆಯೇ ಹೊರತು ರಕ್ಷಣೆಗೆ ಬೇಕಾದ ನಿಯಮವಲ್ಲ ಎಂದು ಉತ್ತರಿಸಿದನು.

ರಕ್ತ ಸೇವಿಸಬಾರದೆಂಬ ಯೆರೂಸಲೇಮಿನ ನಿಯಮದಲ್ಲೂ ಭೇದ ಉಂಟಾಯಿತು. ಪೂರ್ವದ ಸಭೆ 692ರಲ್ಲಿ ಅದನ್ನು ಮತ್ತೆ ದೃಢಪಡಿಸಿತು. ಪಶ್ಚಿಮದ ಸಭೆ 1442ರಲ್ಲಿ ಫ್ಲಾರೆನ್ಸಿನ ಮಹಾಸಭೆಯಲ್ಲಿ ಅದು ಆ ಕಾಲದ ಅಗತ್ಯಕ್ಕೆ ಮಾತ್ರ ಮಾಡಿದ್ದು ಎಂದಿತು.

ದಶಮಾಂಶದ ಪ್ರಶ್ನೆ

ಇಂದು ಸಾಮಾನ್ಯ ಕುಟುಂಬಗಳಿಗೆ ನೇರವಾಗಿ ತಟ್ಟುವ ಆಜ್ಞೆ ದಶಮಾಂಶ. ವರಮಾನದ ಹತ್ತನೆಯ ಒಂದು ಭಾಗ ಸಭೆಗೆ ಕೊಡಲೇಬೇಕು ಎಂದು ಕೆಲವು ಸಭೆಗಳು ಕಲಿಸುತ್ತವೆ. ಧರ್ಮಶಾಸ್ತ್ರದಲ್ಲಿ ದಶಮಾಂಶ ಎಂದರೆ ಮುಖ್ಯವಾಗಿ ಬೆಳೆ ಮತ್ತು ಜಾನುವಾರಿನ ಪಾಲು. ಜಮೀನಿನ ಹಂಚಿಕೆ ಇಲ್ಲದ ಲೇವಿಯರಿಗೆ ಅದು ಜೀವನೋಪಾಯ. ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲೇ ಇಟ್ಟು ಲೇವಿಯರಿಗೂ ಪರದೇಶಿಗೂ ತಬ್ಬಲಿಗೂ ವಿಧವೆಗೂ ಊಟಕ್ಕೆ ಕೊಡಬೇಕೆಂದು ಧರ್ಮೋಪದೇಶಕಾಂಡದ 14ನೇ ಅಧ್ಯಾಯದಲ್ಲಿದೆ.

ಮೋಶೆಗಿಂತ ಮೊದಲೇ ಅಬ್ರಹಾಮನು ದಶಮಾಂಶ ಕೊಟ್ಟಿದ್ದರಿಂದ ಅದು ಶಾಸ್ತ್ರಕ್ಕೆ ಸೀಮಿತವಲ್ಲ ಎಂಬುದು ಅದನ್ನು ಬೆಂಬಲಿಸುವವರ ವಾದ. ಪೌಲನು ಇಷ್ಟೇ ಎಂದು ಲೆಕ್ಕ ಕಟ್ಟದೆ, ಪ್ರತಿಯೊಬ್ಬನೂ ಮನಸ್ಸಿನಲ್ಲಿ ನಿಶ್ಚಯಿಸಿದಂತೆ, ಬಲವಂತವಿಲ್ಲದೆ ಕೊಡಲಿ ಎಂದು ಬರೆದಿದ್ದಾನೆ ಎಂಬುದು ಇನ್ನೊಂದು ಕಡೆಯ ಉತ್ತರ. ಕ್ಯಾಥೋಲಿಕ್ ಸಭೆಯ ಇಂದಿನ ನಿಯಮ ಸಭೆಯ ಅಗತ್ಯಗಳಿಗೆ ನೆರವಾಗಬೇಕೆನ್ನುತ್ತದೆ, ಹತ್ತನೇ ಒಂದು ಎಂದು ನಿಗದಿ ಮಾಡಿಲ್ಲ. ಪುದೀನ, ಜೀರಿಗೆಯಲ್ಲೂ ದಶಮಾಂಶ ಲೆಕ್ಕ ಹಾಕಿ ನ್ಯಾಯ, ದಯೆಗಳನ್ನು ಮರೆತವರನ್ನು ಯೇಸು ಖಂಡಿಸಿದ್ದನ್ನು ಎರಡೂ ಕಡೆಯವರು ಓದುತ್ತಾರೆ.

ವಚನ ಆಯ್ದುಕೊಳ್ಳುವ ಅಪಾಯ

ಈ ಚರ್ಚೆ ಪಂಡಿತರಿಗೆ ಮಾತ್ರ ಸಂಬಂಧಿಸಿದ್ದಲ್ಲ ಎನ್ನಲು ಅಮೆರಿಕದ ಚರಿತ್ರೆ ಸಾಕ್ಷಿ. ಅಲ್ಲಿ 1861ರಿಂದ 1865ರ ತನಕ ನಡೆದ ಅಂತರ್ಯುದ್ಧಕ್ಕೆ ಮೊದಲು ಗುಲಾಮಗಿರಿಯನ್ನು ಸಮರ್ಥಿಸಿದ ಬೋಧಕರು ಯಾಜಕಕಾಂಡದ 25ನೇ ಅಧ್ಯಾಯವನ್ನು ತೋರಿಸುತ್ತಿದ್ದರು. ಬೇರೆ ಜನಾಂಗದವರನ್ನು ದಾಸರನ್ನಾಗಿ ಕೊಳ್ಳಬಹುದೆಂದು ಅಲ್ಲಿದೆ. ಗುಲಾಮಗಿರಿಯ ವಿರೋಧಿಗಳು ಅದೇ ಶಾಸ್ತ್ರದಿಂದ ಬೇರೆ ಆಜ್ಞೆಗಳನ್ನು ತೋರಿಸಿದರು. ಮನುಷ್ಯನನ್ನು ಕದ್ದು ಮಾರುವವನಿಗೆ ಮರಣದಂಡನೆ ಎಂದು ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿದೆ. ಓಡಿ ಬಂದ ದಾಸನನ್ನು ಒಡೆಯನಿಗೆ ಒಪ್ಪಿಸಬಾರದೆಂದು ಧರ್ಮೋಪದೇಶಕಾಂಡದ 23ನೇ ಅಧ್ಯಾಯದಲ್ಲಿದೆ. ಎರಡೂ ಕಡೆಯವರ ಕೈಯಲ್ಲಿದ್ದದ್ದು ಒಂದೇ ಪುಸ್ತಕ. ಯಾವ ವಚನ ಆಯ್ದುಕೊಂಡರು ಎಂಬುದರ ಮೇಲೆ ಲಕ್ಷಾಂತರ ಜನರ ಬದುಕಿನ ಪ್ರಶ್ನೆ ನಿಂತಿತ್ತು.

ಇನ್ನೊಂದು ಅಪಾಯ ಶಾಸ್ತ್ರವನ್ನು ಹೀಗಳೆಯುವುದರಿಂದ ಬಂದದ್ದು. ಯೆಹೂದ್ಯರ ಧರ್ಮ ಬರೀ ಕಟ್ಟಳೆಗಳ ಹೊರೆ ಎಂಬ ಬೋಧನೆ ಯೂರೋಪಿನಲ್ಲಿ ಶತಮಾನಗಳ ಕಾಲ ಅವರ ಮೇಲಿನ ತಿರಸ್ಕಾರಕ್ಕೆ ಒತ್ತಾಸೆಯಾಯಿತು. ಯೆಹೂದ್ಯರನ್ನು ದೇವರಿಂದ ಶಪಿಸಲ್ಪಟ್ಟವರೆಂದು ಚಿತ್ರಿಸಬಾರದು ಎಂದು 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಸಾರಿತು. ಪೌಲನ ಕಾಲದ ಯೆಹೂದ್ಯರು ಶಾಸ್ತ್ರವನ್ನು ದೇವರ ಕೃಪೆಗೆ ಕೊಡುವ ಪ್ರತಿಸ್ಪಂದನೆಯೆಂದು ತಿಳಿದಿದ್ದರು, ಕೃಪೆ ಗಳಿಸುವ ಬೆಲೆ ಎಂದು ತಿಳಿದಿರಲಿಲ್ಲ ಎಂದು ಇ.ಪಿ. ಸ್ಯಾಂಡರ್ಸ್ ಎಂಬ ವಿದ್ವಾಂಸರು 1977ರಲ್ಲಿ ತೋರಿಸಿಕೊಟ್ಟ ಮೇಲೆ ಪೌಲನ ಪತ್ರಗಳನ್ನು ಓದುವ ರೀತಿಯಲ್ಲೇ ಬದಲಾವಣೆ ಬಂತು.

ಇಂದು ಓದುವ ಬಗೆ

ಒಂದು ಆಜ್ಞೆ ಎದುರಾದಾಗ ಸಾಮಾನ್ಯವಾಗಿ ಮೂರು ವಿಷಯ ನೋಡುತ್ತಾರೆ. ಅದು ಆ ಕಾಲದ ಜನರಿಗೆ ಯಾಕೆ ಬೇಕಾಗಿತ್ತು? ಯೇಸು ಮತ್ತು ಅಪೊಸ್ತಲರು ಅದರ ಬಗ್ಗೆ ಏನು ಹೇಳಿದರು? ಅದರ ಹಿಂದಿನ ತತ್ತ್ವ ಇಂದು ಯಾವ ರೂಪದಲ್ಲಿ ಸಲ್ಲುತ್ತದೆ? ಇವುಗಳ ಜೊತೆಗೆ ನಾಲ್ಕನೆಯದೊಂದು ಪ್ರಶ್ನೆಯೂ ಬೇಕು. ಇನ್ನೊಬ್ಬರ ಮೇಲೆ ಹೊರಿಸುವ ವಚನಕ್ಕೆ ಹಾಕಿದ ಅಳತೆಯನ್ನೇ ತನಗೆ ತಟ್ಟುವ ವಚನಕ್ಕೂ ಹಾಕಲಾಗಿದೆಯೇ?

ಹಚ್ಚೆ ಹಾಕಿಸಿಕೊಂಡ ಹುಡುಗನಿಗೆ ಯಾಜಕಕಾಂಡದ 19ನೇ ಅಧ್ಯಾಯ ತೋರಿಸುವುದು ಸುಲಭ. ಅದೇ ಅಧ್ಯಾಯದಲ್ಲಿ ಕೂಲಿಯವನ ಕೂಲಿಯನ್ನು ಅಂದೇ ಕೊಡಬೇಕೆಂಬ ಮಾತಿದೆ. ಇದನ್ನು ಯಾವ ಸಭೆಯೂ ಹಳತಾಯಿತೆಂದು ಬದಿಗಿಟ್ಟಿಲ್ಲ. ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಹೊಸ ಒಡಂಬಡಿಕೆಯ ಯಾಕೋಬನ ಪತ್ರ 5ನೇ ಅಧ್ಯಾಯದಲ್ಲಿ ಅದನ್ನು ಮತ್ತೆ ಹೇಳುತ್ತದೆ.